ಯಂತ್ರ ಬಂದಾಯ್ತು, ಅದರ ತಿಳಿವಳಿಕೆ ಎಲ್ಲಿಡೋದು? ಕಲಬುರಗಿ, ಬೀದರ್, ಯಾದಗಿರಿಯ ಕಾರ್ಖಾನೆಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ದಾಲ್ ಮಿಲ್‌ಗೆ ಹೊಸ ಕಲರ್ ಸಾರ್ಟರ್ (ಬಣ್ಣ ನೋಡಿ ಕೆಟ್ಟ ಕಾಳು ಬೇರೆ ಮಾಡುವ ಯಂತ್ರ) ಬಂದಾಗ ಅದರ ಜೊತೆ ಇಂಗ್ಲಿಷಿನ ಒಂದು ದಪ್ಪ ಕೈಪಿಡಿ ಬರುತ್ತದೆ, ಎರಡು ದಿನದ ಮಟ್ಟಿಗೆ ಕಂಪನಿಯ ಒಬ್ಬ ಇಂಜಿನಿಯರ್ ಬರುತ್ತಾನೆ. ಮೂರನೇ ದಿನ ಇಂಜಿನಿಯರ್ ರೈಲು ಹತ್ತುತ್ತಾನೆ, ಕೈಪಿಡಿ ಮುನೀಮರ ಕಪಾಟು ಸೇರುತ್ತದೆ. ಆ ಎರಡು ದಿನ ಅವನ ಪಕ್ಕ ನಿಂತಿದ್ದ ಆಪರೇಟರ್ ಒಬ್ಬನಿಗೆ ಅಷ್ಟಿಷ್ಟು ಗೊತ್ತಾಗಿರುತ್ತದೆ. ಅಲ್ಲಿಂದ ಮುಂದೆ ಮಿಲ್‌ನಲ್ಲಿ ಏನೇ ಆಗಲಿ, ಬರುವ ಉತ್ತರ ಒಂದೇ: "ಅವನಿಗೇ ಕೇಳ್ರಿ." ಜನವರಿಯಲ್ಲಿ ಹೊಸ ತೊಗರಿ ಮಾರುಕಟ್ಟೆಗೆ ಸುರಿಯುತ್ತಿರುವಾಗ ಅವನ ತಂಗಿಯ ಮದುವೆ ಬಂತೆಂದರೆ ಕೋಟಿ ಮೌಲ್ಯದ ಲೈನು ಫೋನ್ ಕಾಲ್ ಮೇಲೆ ನಡೆಯುತ್ತದೆ.

ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೇತ್, ಮಿಲ್ಲಿಂಗ್ ಯಂತ್ರ), ಪಿಎಲ್‌ಸಿ (ಯಂತ್ರವನ್ನು ಪ್ರೋಗ್ರಾಂ ಪ್ರಕಾರ ನಡೆಸುವ ಚಿಕ್ಕ ಕಂಪ್ಯೂಟರ್), ಸೆನ್ಸರ್, ಕ್ಯಾಮೆರಾ ಇರುವ ಯಂತ್ರ ಕೊಳ್ಳುವಾಗ ಬೆಲೆ, ಸಾಮರ್ಥ್ಯ, ಸಬ್ಸಿಡಿ ಎಲ್ಲವನ್ನೂ ಹೋಲಿಸಿ ನೋಡುತ್ತೇವೆ. ಯಂತ್ರದ ಬಗ್ಗೆ ದಿನದಿನ ಕಲಿಯುವುದನ್ನು ಎಲ್ಲಿ, ಯಾರ ಬಳಿ, ಯಾವ ರೂಪದಲ್ಲಿ ಇಡಬೇಕು ಅನ್ನುವುದನ್ನು ಮಾತ್ರ ಯಾರೂ ಹೋಲಿಸುವುದಿಲ್ಲ. ಅದಕ್ಕಿರುವ ದಾರಿಗಳು ಏಳು. ಯಾವುದು ಯಾರಿಗೆ ಒಗ್ಗುತ್ತದೆ ಅನ್ನುವುದು ಕಾರ್ಖಾನೆಯ ಗಾತ್ರಕ್ಕಿಂತ ಅಲ್ಲಿ ಎಂಥ ತಿಳಿವಳಿಕೆ ಕಳೆದುಹೋಗುತ್ತಿದೆ ಅನ್ನುವುದರ ಮೇಲೆ ನಿಂತಿದೆ.

ಮೊದಲು ಒಂದು ವಿಂಗಡಣೆ

ಯಂತ್ರದ ತಿಳಿವಳಿಕೆಯಲ್ಲಿ ಮೂರು ಜಾತಿ.

ಒಂದನೆಯದು ಅಂಕಿ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ನ ಪ್ಯಾರಾಮೀಟರ್, ಟೂಲ್ ಆಫ್‌ಸೆಟ್ (ಟೂಲ್‌ನ ಅಳತೆಗೆ ಕೊಡುವ ತಿದ್ದುಪಡಿ), ಸಾರ್ಟರ್‌ನ ಸೆನ್ಸಿಟಿವಿಟಿ, ಪಿಎಲ್‌ಸಿ ಪ್ರೋಗ್ರಾಂ, ಪಾಸ್‌ವರ್ಡ್. ಇದನ್ನು ಫೈಲಿನಲ್ಲಿ ಪೂರ್ತಿಯಾಗಿ ಹಿಡಿದಿಡಬಹುದು. ಹಿಡಿದಿಡದೆ ಕಳೆದುಕೊಂಡರೆ ಅದು ಶುದ್ಧ ಸೋಮಾರಿತನ.

ಎರಡನೆಯದು ದೋಷದ ಚರಿತ್ರೆ. ಏನಾಯಿತು, ನಿಜವಾದ ಕಾರಣ ಯಾವುದು, ಏನು ಮಾಡಿದ ಮೇಲೆ ಸರಿಹೋಯಿತು. ಇದನ್ನು ಬರೆದಿಡಬಹುದು, ಆದರೆ ಆದ ಒಂದು ಗಂಟೆಯೊಳಗೆ ಬರೆಯಬೇಕು. ಮರುದಿನ ಬರೆಯಲು ಕೂತರೆ "ಪ್ರಾಬ್ಲಮ್ ಇತ್ತು, ಸರಿ ಮಾಡಿದೆ" ಅಂತಷ್ಟೇ ಉಳಿದಿರುತ್ತದೆ.

ಮೂರನೆಯದು ಕೈ, ಕಣ್ಣು, ಕಿವಿಯದು. ಎಣ್ಣೆ ಹಚ್ಚಿ ಇಟ್ಟ ತೊಗರಿ ಒಡೆಯಲು ಹದವಾಗಿದೆಯೇ ಎಂದು ಹಲ್ಲಿನಿಂದ ಕಚ್ಚಿ ಹೇಳುವ ಮೇಸ್ತ್ರಿ, ಸ್ಪಿಂಡಲ್‌ನ ಸದ್ದು ಕೇಳಿಯೇ ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಮುಗಿಯಿತು ಅನ್ನುವ ಟರ್ನರ್. ಇದು ಕಾಗದಕ್ಕೆ ಅರ್ಧವೂ ಇಳಿಯುವುದಿಲ್ಲ. ಬೀದರ್‌ನಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಬಿದರಿ ಕೆಲಸದಲ್ಲಿ ಸತು 16 ಪಾಲು, ತಾಮ್ರ 1 ಪಾಲು ಅನ್ನುವುದನ್ನು ಯಾರಾದರೂ ಬರೆದುಕೊಳ್ಳಬಹುದು, ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಇಡಬಹುದು. ಕಪ್ಪು ಬಣ್ಣ ಕೂರಿಸುವ ಕೋಟೆಯ ಮಣ್ಣನ್ನು ಕುಶಲಕರ್ಮಿ ಆರಿಸುವುದು ನಾಲಿಗೆಗೆ ಹಚ್ಚಿ ನೋಡಿ. ಆ ರುಚಿಯನ್ನು ಯಾವ ಗೂಗಲ್ ಡ್ರೈವ್‌ಗೂ ಅಪ್‌ಲೋಡ್ ಮಾಡಲಾಗದು.

ಕೆಳಗಿನ ದಾರಿಗಳನ್ನು ಓದುವಾಗ ಈ ಮೂರರಲ್ಲಿ ನಿಮಗೆ ಯಾವುದು ಸೋರುತ್ತಿದೆ ಎಂದು ಕೇಳಿಕೊಳ್ಳುತ್ತ ಹೋಗಿ.

ಯಂತ್ರ ಕೊಟ್ಟವರ ಮೇಲೆ ಬಿಡುವುದು

ವಾರ್ಷಿಕ ನಿರ್ವಹಣೆ ಒಪ್ಪಂದ ಮಾಡಿಕೊಂಡು, ಏನೇ ಆದರೂ ಅವರಿಗೇ ಫೋನ್ ಮಾಡುವುದು. ನಮ್ಮ ಕಡೆ ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ, ಮೊದಲ ವರ್ಷ ಅದು ತಪ್ಪೇನಲ್ಲ. ಯಂತ್ರದ ಒಳಗುಟ್ಟು ಅವರಿಗೇ ಗೊತ್ತು, ಬಿಡಿಭಾಗವೂ ಅವರಲ್ಲೇ.

ತೊಂದರೆ ಬರುವುದು ದೂರದಿಂದ. ಬೀದರ್‌ನವರಿಗೆ ಹೈದರಾಬಾದ್ ಸುಮಾರು 140 ಕಿ.ಮೀ. ಇರುವುದರಿಂದ ಮಧ್ಯಾಹ್ನದೊಳಗೆ ಒಬ್ಬ ಬಂದಾನು. ಸೇವಾ ಕೇಂದ್ರ ಕೊಯಮತ್ತೂರಿನಲ್ಲಿದ್ದರೆ ಯಾದಗಿರಿಯವರು ಒಂದು ರಾತ್ರಿ, ಒಂದು ಹಗಲು ಕಾಯಬೇಕು. ಲೆಕ್ಕ ಹಾಕುವುದು ಸುಲಭ. ಗಂಟೆಗೆ 2 ಟನ್ ಬೇಳೆ ತೆಗೆಯುವ ಲೈನು ಎರಡು ಶಿಫ್ಟ್, ಅಂದರೆ 16 ಗಂಟೆ ನಿಂತರೆ 32 ಟನ್ ಹಿಂದೆ ಬಿತ್ತು. ಒಮ್ಮೆ ಹೀಗೆ ನಿಂತ ನಷ್ಟವನ್ನು ನಿಮ್ಮ ದರದಲ್ಲಿ ಲೆಕ್ಕ ಹಾಕಿ ಪಕ್ಕದಲ್ಲಿಟ್ಟುಕೊಂಡರೆ ಮುಂದಿನ ಯಾವ ದಾರಿಗೆ ಎಷ್ಟು ಖರ್ಚು ಮಾಡಬಹುದು ಅನ್ನುವುದು ತಾನೇ ತಿಳಿಯುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಪಿಎಲ್‌ಸಿಗೆ ಪಾಸ್‌ವರ್ಡ್ ಹಾಕಿ ಅದನ್ನು ತಮ್ಮಲ್ಲೇ ಇಟ್ಟುಕೊಂಡು ಹೋಗುವ ಮಾರಾಟಗಾರರು ಬೇಕಾದಷ್ಟಿದ್ದಾರೆ. ಪಾಸ್‌ವರ್ಡ್ ಇಲ್ಲದಿದ್ದರೂ ಪಿಎಲ್‌ಸಿಯಿಂದ ಪ್ರೋಗ್ರಾಂ ಮೇಲಕ್ಕೆ ಎಳೆದುಕೊಂಡಾಗ ಎಷ್ಟೋ ಮಾದರಿಗಳಲ್ಲಿ ಟಿಪ್ಪಣಿ, ಹೆಸರುಗಳು ಬರುವುದಿಲ್ಲ. ಬರೀ ವಿಳಾಸಗಳ ಸಾಲು ಬರುತ್ತದೆ, ಯಾವುದು ಎಲಿವೇಟರ್, ಯಾವುದು ಹಾಪರ್ ಎಂದು ತಿಳಿಯದು. ಆದ್ದರಿಂದ ಈ ದಾರಿ ಹಿಡಿಯುವವರು ಖರೀದಿ ಆದೇಶದಲ್ಲೇ ಬರೆಸಿಕೊಳ್ಳಬೇಕಾದದ್ದು ಇಷ್ಟು: ಟಿಪ್ಪಣಿ ಸಹಿತ ಪಿಎಲ್‌ಸಿ ಪ್ರಾಜೆಕ್ಟ್ ಫೈಲು, ಎಚ್‌ಎಂಐ (ಆಪರೇಟರ್ ಯಂತ್ರ ನಡೆಸುವ) ಪರದೆಯ ಫೈಲು, ಎಲ್ಲ ಹಂತದ ಪಾಸ್‌ವರ್ಡ್, ಡ್ರೈವ್‌ಗಳ ಪ್ಯಾರಾಮೀಟರ್ ಪಟ್ಟಿ, ಕೊನೆಗೆ ನಿಜವಾಗಿ ಕೂರಿಸಿದ ಹಾಗಿನ ವೈರಿಂಗ್ ನಕ್ಷೆ, ಪಾರ್ಟ್ ನಂಬರ್ ಇರುವ ಬಿಡಿಭಾಗಗಳ ಪಟ್ಟಿ. ಕೊನೆಯ ಕಂತಾದ ಶೇ 10 ಹಣ ಇವು ಕೈಗೆ ಬರುವವರೆಗೆ ಬಿಡಬೇಡಿ. ಹಣ ಪೂರ್ತಿ ಕೊಟ್ಟ ಮೇಲೆ ಕೇಳಿದರೆ "ಕಳಿಸ್ತೀವಿ ಸರ್" ಅನ್ನುವುದು ಮೂರು ವರ್ಷ ನಡೆಯುತ್ತದೆ.

ಬ್ಯಾಕಪ್ ಫೈಲು ಕೊಟ್ಟರೆ ಅಷ್ಟಕ್ಕೇ ಬಿಡಬೇಡಿ. ಅದನ್ನು ನಿಮ್ಮ ಎದುರೇ ಮತ್ತೆ ಯಂತ್ರಕ್ಕೆ ಹಾಕಿ ಓಡಿಸಿ ತೋರಿಸಲಿ. ತೆರೆಯದ ಬ್ಯಾಕಪ್‌ಗೂ ಇಲ್ಲದ ಬ್ಯಾಕಪ್‌ಗೂ ಹೆಚ್ಚು ವ್ಯತ್ಯಾಸವಿಲ್ಲ.

ಒಬ್ಬ ಜಾಣನ ಮೇಲೆ ನಡೆಸುವುದು

ಇದನ್ನು ಯಾರೂ ಆರಿಸುವುದಿಲ್ಲ, ತಾನಾಗಿ ಆಗಿಬಿಡುತ್ತದೆ. ಒಬ್ಬ ಹುಡುಗ ಚುರುಕಾಗಿರುತ್ತಾನೆ, ಎಲ್ಲ ಅವನ ಕೈಗೆ ಬರುತ್ತದೆ. ಖರ್ಚಿಲ್ಲ, ಕೆಲಸ ಬೇಗ ಆಗುತ್ತದೆ. ಎರಡು ವರ್ಷದಲ್ಲಿ ಅವನಿಗೆ ಪುಣೆಯಿಂದಲೋ ಹೈದರಾಬಾದ್‌ನಿಂದಲೋ ಒಂದೂವರೆ ಪಟ್ಟು ಸಂಬಳದ ಕರೆ ಬರುತ್ತದೆ. ಹೋಗಬೇಡ ಅನ್ನಲು ಮಾಲೀಕರ ಬಳಿ ನ್ಯಾಯವೂ ಇರುವುದಿಲ್ಲ, ಹಣವೂ ಇರುವುದಿಲ್ಲ.

ಇಂಥವನು ಬೇರೆಯವರಿಗೆ ಹೇಳಿಕೊಡದಿದ್ದರೆ ಅದನ್ನು ಸ್ವಾರ್ಥ ಎಂದು ಬೈಯುವ ಮೊದಲು ಅವನ ಕಡೆಯಿಂದ ನೋಡಬೇಕು. ಗೊತ್ತಿರುವುದೇ ಅವನ ಬಂಡವಾಳ. ಹೇಳಿಕೊಟ್ಟರೆ ತನ್ನ ಬೆಲೆ ಇಳಿಯುತ್ತದೆ ಎಂಬ ಅಂಜಿಕೆ ಸಹಜ. ಕಲಿಸಿದ್ದಕ್ಕೆ ತಿಂಗಳಿಗೆ ಇಷ್ಟು ಎಂದು ಭತ್ಯೆ ಕಟ್ಟಿ, ಅವನು ಬರೆಸಿದ ಹಾಳೆಯ ಮೇಲೆ ಅವನ ಹೆಸರು ಹಾಕಿ. ಕಲಿಸುವುದರಿಂದ ಬೆಲೆ ಏರುತ್ತದೆ ಎಂದು ಅವನಿಗೆ ಸಂಬಳದ ಚೀಟಿಯಲ್ಲಿ ಕಂಡರೆ ಬಾಯಿ ಬಿಡುತ್ತಾನೆ.

ಲಾಗ್‌ಬುಕ್

ಕಟ್ಟು ಹಾಕಿಸಿದ, ಪುಟಕ್ಕೆ ನಂಬರ್ ಇರುವ ರಿಜಿಸ್ಟರ್. ಹಳೆಯ ಕಾಲದ್ದು ಎನ್ನಿಸಿದರೂ ದೋಷದ ಚರಿತ್ರೆ ಹಿಡಿಯಲು ಚಿಕ್ಕ ಘಟಕಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ, ಹೊಟ್ಟಿನ ಧೂಳಿಗೆ ಹೆದರುವುದಿಲ್ಲ.

ಲಾಗ್‌ಬುಕ್ ಸೋಲುವುದು ಅದರ ಕಾಲಂಗಳಿಂದ. ಬಹುತೇಕ ಕಡೆ "ದಿನಾಂಕ, ಕೆಲಸ, ಸಹಿ" ಎಂದಿರುತ್ತದೆ. ಅಂಥ ಪುಸ್ತಕ ಹಾಜರಿ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಕಲರ್ ಸಾರ್ಟರ್‌ಗೆ ಹೀಗೆ ಬರೆದರೆ ಮುಂದಿನವನಿಗೆ ಉಪಯೋಗ (ಮಾದರಿಗಾಗಿ ಬರೆದದ್ದು; ಚ್ಯೂಟ್ ಅಂದರೆ ಕಾಳು ಜಾರುವ ದಾರಿ, ಎಜೆಕ್ಟರ್ ಅಂದರೆ ಗಾಳಿ ಊದಿ ಕೆಟ್ಟ ಕಾಳು ಹೊರಗೆ ತಳ್ಳುವ ಕವಾಟ):

"14 ಜನವರಿ, ರಾತ್ರಿ ಶಿಫ್ಟ್. ಕಂಡದ್ದು: ರಿಜೆಕ್ಟ್ ಚೀಲದಲ್ಲಿ ಒಳ್ಳೆ ಬೇಳೆ ಜಾಸ್ತಿ, ಮೂರನೇ ಚ್ಯೂಟ್‌ದು ಮಾತ್ರ. ಮೊದಲು ನೋಡಿದ್ದು: ಸೆನ್ಸಿಟಿವಿಟಿ ಮುಟ್ಟಿಲ್ಲ; ಗಾಜು ಒರೆಸಿದೆವು, ಫರಕು ಬೀಳಲಿಲ್ಲ. ನಿಜವಾದ ಕಾರಣ: ಗಾಳಿ ಲೈನಿನಲ್ಲಿ ನೀರು, ಎಜೆಕ್ಟರ್ ಒಂದು ತೆರೆದೇ ಸಿಕ್ಕಿಕೊಂಡಿತ್ತು. ಗಾಳಿ ಒಣಗಿಸುವ ಡ್ರೈಯರ್‌ನ ಡ್ರೈನ್ ಯಾರೋ ಬಂದ್ ಮಾಡಿದ್ದರು. ಮಾಡಿದ್ದು: ಯಂತ್ರ ನಿಲ್ಲಿಸಿ, ಗಾಳಿ ಬಿಟ್ಟು, ಎಜೆಕ್ಟರ್ ಬಿಚ್ಚಿ ಒಣಗಿಸಿ ಕೂರಿಸಿದೆವು. ನಿಂತದ್ದು 50 ನಿಮಿಷ. ಇನ್ನು ಮುಂದೆ: ಶಿಫ್ಟ್ ಶುರುವಿಗೆ ಡ್ರೈನ್ ತೆರೆದು ನೋಡುವುದು."

ಇದರಲ್ಲಿ ಹೆಚ್ಚು ಬೆಲೆಬಾಳುವುದು "ಸೆನ್ಸಿಟಿವಿಟಿ ಮುಟ್ಟಿಲ್ಲ" ಅನ್ನುವ ಮಾತು. ಸಾರ್ಟರ್‌ನಲ್ಲಿ ಒಳ್ಳೆ ಬೇಳೆ ರಿಜೆಕ್ಟ್‌ಗೆ ಹೋದ ಕೂಡಲೇ ಆಪರೇಟರ್ ಮಾಡುವ ಮೊದಲ ಕೆಲಸವೇ ಸೆನ್ಸಿಟಿವಿಟಿ ಇಳಿಸುವುದು. ಕಾರಣ ಗಾಜಿನ ಮೇಲಿನ ಧೂಳೋ, ಹಾಪರ್‌ನಿಂದ ಮಾಲು ಜಾಸ್ತಿ ಬಿಟ್ಟದ್ದೋ ಆಗಿರುತ್ತದೆ. ಸೆಟ್ಟಿಂಗ್ ಇಳಿಸಿದರೆ ರಿಜೆಕ್ಟ್ ಕಮ್ಮಿ ಕಾಣುತ್ತದೆ, ಆದರೆ ಕಪ್ಪು ಕಾಳು ಒಳ್ಳೆ ಚೀಲಕ್ಕೆ ಹೋಗುತ್ತದೆ. ಮುಂದಿನ ಶಿಫ್ಟಿನವನು ಅದನ್ನು ಕಂಡು ಮತ್ತೆ ಏರಿಸುತ್ತಾನೆ. ಹದಿನೈದು ದಿನದಲ್ಲಿ ಇಂಜಿನಿಯರ್ ಕೂರಿಸಿ ಹೋದ ಅಂಕಿ ಯಾವುದು ಎಂದು ಯಾರಿಗೂ ನೆನಪಿರುವುದಿಲ್ಲ. ಇದನ್ನು ತಡೆಯಲು ಮೂಲ ಸೆಟ್ಟಿಂಗಿನ ಫೋಟೊ ಲ್ಯಾಮಿನೇಟ್ ಮಾಡಿಸಿ ಯಂತ್ರದ ಬಾಗಿಲಿಗೆ ಅಂಟಿಸಿ. ಪ್ರತಿ ಶಿಫ್ಟಿಗೂ ರಿಜೆಕ್ಟ್ ಚೀಲದಿಂದ 200 ಗ್ರಾಂ ತೆಗೆದು, ಅದರಲ್ಲಿನ ಒಳ್ಳೆ ಬೇಳೆ ಬೇರೆ ಮಾಡಿ ತೂಗಿ ಬರೆಯಲಿ. ಹತ್ತು ನಿಮಿಷದ ಕೆಲಸ.

ಲಾಗ್‌ಬುಕ್‌ಗೆ ಮರಣ ಬರುವ ಇನ್ನೊಂದು ಬಗೆ ಇದೆ. ಬರೆದದ್ದನ್ನು ಓದಿ ಒಬ್ಬನಿಗೆ ದಂಡ ಹಾಕಿದಿರೋ, ಮರುದಿನದಿಂದ ಎಲ್ಲ ಪುಟದಲ್ಲೂ "ಓಕೆ" ಒಂದೇ ಇರುತ್ತದೆ.

ವಾಟ್ಸಾಪ್ ಗ್ರೂಪ್

ಮೆಂಟೆನೆನ್ಸ್ ಗ್ರೂಪ್ ಇಲ್ಲದ ಕಾರ್ಖಾನೆ ಈಗ ಇಲ್ಲ. ಇದರ ಶಕ್ತಿಯನ್ನು ಕಡೆಗಣಿಸುವವರಿಗೆ ಶಾಪ್ ಫ್ಲೋರ್ ಗೊತ್ತಿಲ್ಲ ಎನ್ನಬೇಕು. ನಮ್ಮಲ್ಲಿ ಒಂದೇ ಶಿಫ್ಟಿನಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ಎಲ್ಲ ನಡೆಯುತ್ತವೆ. ಬಿಹಾರದಿಂದ ಬಂದ ಹುಡುಗರಿದ್ದರೆ ಹಿಂದಿಯೂ ಸೇರುತ್ತದೆ. ಬರೆಯಲು ಹಿಂಜರಿಯುವ ಫಿಟ್ಟರ್ 40 ಸೆಕೆಂಡಿನ ವಿಡಿಯೊದಲ್ಲಿ ಬೇರಿಂಗ್ ಹೇಗೆ ಕೂರಿಸಬೇಕೆಂದು ಸಲೀಸಾಗಿ ತೋರಿಸುತ್ತಾನೆ. ಕೈಯ ಕೆಲಸವನ್ನು ಹಿಡಿಯಲು ವಿಡಿಯೊ ಬರಹಕ್ಕಿಂತ ಮೇಲು.

ಹಿಡಿದದ್ದು ಉಳಿಯುವುದಿಲ್ಲ, ಅಷ್ಟೇ ಇದರ ದೋಷ. ಗ್ರೂಪಿಗೆ ಹೊಸದಾಗಿ ಸೇರಿದವನಿಗೆ ಎರಡು ವರ್ಷದ ಹಿಂದಿನ ವಿಡಿಯೊ ಸಿಗುವುದಿಲ್ಲ. ಸರಿಹೋದ ಕ್ರಮದ ವಿಡಿಯೊ ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ನಡುವೆ ಹೂತುಹೋಗುತ್ತದೆ. ಫೋನ್ ಬದಲಾದರೆ ಹೋಯಿತು. ಮೇಲಾಗಿ ಆ ಫೋನು ಕಾರ್ಖಾನೆಯದಲ್ಲ, ನೌಕರನದು.

ಹಾಗಾಗಿ ವಾಟ್ಸಾಪ್ ಅನ್ನು ಹಗೇವು ಮಾಡಿಕೊಳ್ಳಬೇಡಿ, ಕಣ ಮಾಡಿಕೊಳ್ಳಿ. ರಾಶಿ ಕಣದಲ್ಲಿ ಬೀಳಲಿ. ಪ್ರತಿ ಶನಿವಾರ ಒಬ್ಬರು, ಹೆಸರು ಗೊತ್ತುಮಾಡಿದ ಒಬ್ಬರೇ, ಅದರಿಂದ ಉಪಯೋಗದ ಎರಡು ಮೂರು ವಿಡಿಯೊ ಆರಿಸಿ ಕಾರ್ಖಾನೆಯ ಗೂಗಲ್ ಡ್ರೈವ್‌ಗೆ ಹಾಕಲಿ. "ಎಲ್ಲರೂ ಹಾಕಿ" ಎಂದರೆ ಯಾರೂ ಹಾಕುವುದಿಲ್ಲ.

ಡ್ರೈವ್, ಶೀಟ್, ಕ್ಯೂಆರ್

ಹತ್ತರಿಂದ ಐವತ್ತು ಜನರ ಘಟಕಗಳಿಗೆ ನಮ್ಮ ಮೊದಲ ಶಿಫಾರಸು ಇದೇ. ಕಾರ್ಖಾನೆಯ ಹೆಸರಿನಲ್ಲಿ ಒಂದು ಗೂಗಲ್ ಖಾತೆ (15 ಜಿಬಿವರೆಗೆ ಉಚಿತ), ಯಂತ್ರಕ್ಕೊಂದು ಫೋಲ್ಡರ್, ಯಂತ್ರದ ಮೇಲೆ ಆ ಫೋಲ್ಡರಿಗೆ ಹೋಗುವ ಕ್ಯೂಆರ್ ಚೀಟಿ. ಫೋನ್ ಹಿಡಿದರೆ ಸೆಟ್ಟಿಂಗ್ ಹಾಳೆ, ನಕ್ಷೆ, ಬಿಡಿಭಾಗದ ಪಟ್ಟಿ, ನಾಲ್ಕೈದು ವಿಡಿಯೊ ಬರಬೇಕು. ಇಪ್ಪತ್ತು ಫೈಲು ಬೇಡ.

ಖಾತೆ ಅಕೌಂಟೆಂಟ್‌ನ ಸ್ವಂತ ಜಿಮೇಲ್‌ನಲ್ಲಿ ಇರಬಾರದು. ಇದನ್ನು ಹೇಳಬೇಕೇ ಅನ್ನಿಸಬಹುದು. ಹೇಳಲೇಬೇಕು. ತಿದ್ದುವ ಅಧಿಕಾರ ಇಬ್ಬರಿಗೆ, ಉಳಿದವರಿಗೆ ನೋಡುವುದು ಮಾತ್ರ. ಪಾಸ್‌ವರ್ಡ್ ಪಟ್ಟಿ ಕ್ಯೂಆರ್ ಹಿಂದೆ ಇಡಬೇಡಿ, ಮೊಹರು ಹಾಕಿದ ಲಕೋಟೆಯಲ್ಲಿ ತಿಜೋರಿಯಲ್ಲಿರಲಿ.

ಸಿಎನ್‌ಸಿ ವರ್ಕ್‌ಶಾಪಿನಲ್ಲಿ ಈ ದಾರಿಗೆ ಜೀವ ಇರುವುದು ಫೈಲ್ ಹೆಸರಿನಲ್ಲಿ. "ಫೈನಲ್", "ಫೈನಲ್-2", "ಹೊಸ ಫೈನಲ್" ಎಂಬ ಮೂರು ಪ್ರೋಗ್ರಾಂಗಳಲ್ಲಿ ಯಾವುದು ಓಡುತ್ತಿದೆ ಎಂದು ಹುಡುಕುವುದರಲ್ಲೇ ಶಿಫ್ಟ್ ಮುಗಿಯುತ್ತದೆ. ಭಾಗದ ನಂಬರ್, ಯಂತ್ರದ ನಂಬರ್, ರಿವಿಷನ್, ತಾರೀಖು, ಈ ನಾಲ್ಕನ್ನು ಬಿಟ್ಟು ಬೇರೇನೂ ಹೆಸರಿನಲ್ಲಿ ಬೇಡ. ಆಪರೇಟರ್ ಯಂತ್ರದ ಮೇಲೇ ನಿಂತು ಫೀಡ್ ತಿದ್ದಿದರೆ ಅದು ಅದೇ ದಿನ ಡ್ರೈವ್‌ನ ಪ್ರತಿಗೂ ಹೋಗಬೇಕು, ಪಕ್ಕದಲ್ಲಿ ಯಾಕೆ ತಿದ್ದಿದ್ದು ಎಂಬ ಒಂದು ಸಾಲು ಇರಬೇಕು.

ಆ "ಯಾಕೆ" ಎಂಬ ಸಾಲು ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 100 ಮಿ.ಮೀ. ಭಾಗ 10 ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ 12 ಮೈಕ್ರಾನ್. ಕಲಬುರಗಿಯ ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಷ್ಟು ಅಂತರ ಸಾಮಾನ್ಯ. ಮಧ್ಯಾಹ್ನದ ಪಾಳಿಯವನು ಅಳತೆ ತಪ್ಪಿತೆಂದು ಆಫ್‌ಸೆಟ್ ತಿದ್ದುತ್ತಾನೆ. ಬೆಳಿಗ್ಗೆ ಬಂದವನು ಅದೇ ಆಫ್‌ಸೆಟ್‌ನಲ್ಲಿ ಮೊದಲ ಪೀಸ್ ತೆಗೆದು ರಿಜೆಕ್ಟ್ ಮಾಡುತ್ತಾನೆ. ಇಬ್ಬರದೂ ತಪ್ಪಲ್ಲ. "ಮಧ್ಯಾಹ್ನ 3, ಬಿಸಿಲಿಗೆ ತಿದ್ದಿದ್ದು" ಎಂಬ ನಾಲ್ಕು ಪದ ಇದ್ದಿದ್ದರೆ ಆ ಪೀಸ್ ಉಳಿಯುತ್ತಿತ್ತು.

ಇನ್ನೊಂದು ಸಂಗತಿಯನ್ನು ಸಿಎನ್‌ಸಿ ಇರುವವರೆಲ್ಲ ಯಂತ್ರದ ಮೇಲೇ ಬರೆದಿಡಬೇಕು. ಫ್ಯಾನುಕ್ ಕಂಪನಿಯ ಕಂಟ್ರೋಲ್‌ನಲ್ಲಿ ಬ್ಯಾಟರಿ ಎಚ್ಚರಿಕೆ ಮಿನುಗಿದರೆ ಕಂಟ್ರೋಲ್ ಆನ್ ಇರುವಾಗಲೇ ಬ್ಯಾಟರಿ ಬದಲಿಸಬೇಕು. ಆಫ್ ಮಾಡಿ ಬದಲಿಸುವುದು ಸುರಕ್ಷಿತ ಎಂದು ನಮ್ಮ ಎಲೆಕ್ಟ್ರಿಷಿಯನ್‌ಗಳಿಗೆ ಕಲಿಸಿರುತ್ತದೆ, ಬೇರೆ ಕಡೆ ಅದು ಸರಿಯೂ ಹೌದು. ಇಲ್ಲಿ ಹಾಗೆ ಮಾಡಿದರೆ ಪ್ಯಾರಾಮೀಟರ್, ಆಫ್‌ಸೆಟ್, ಪ್ರೋಗ್ರಾಂ ಅಳಿಸಿಹೋಗಬಹುದು. ಪ್ಯಾನೆಲ್ ಒಳಗೆ ಕರೆಂಟ್ ಇರುವುದರಿಂದ ಈ ಕೆಲಸ ತರಬೇತಿ ಆದವನೇ ಮಾಡಬೇಕು. ಅದಕ್ಕೂ ಮೊದಲು ಬ್ಯಾಕಪ್ ತೆಗೆದಿರಬೇಕು: ಹಲವು ಮಾದರಿಗಳಲ್ಲಿ ಪರದೆಯ ಕೆಳಗಿನ ಬಲತುದಿಯ ಎರಡು ಸಾಫ್ಟ್ ಕೀ ಒತ್ತಿಹಿಡಿದು ಆನ್ ಮಾಡಿದರೆ ಬೂಟ್ ಪರದೆ ಬರುತ್ತದೆ, ಅಲ್ಲಿಂದ ಎಸ್‌ರ್‍ಯಾಮ್ (ಇವೆಲ್ಲ ಇರುವ ಮೆಮೊರಿ) ಪೂರ್ತಿ ಕಾರ್ಡಿಗೆ ಇಳಿಸಬಹುದು. ಆರು ತಿಂಗಳಿಗೊಮ್ಮೆ ಮಾಡಿದರೆ ಸಾಕು.

ನಿರ್ವಹಣೆಯ ಸಾಫ್ಟ್‌ವೇರ್

ಕೆಲಸದ ಚೀಟಿ, ಬಿಡಿಭಾಗದ ಸ್ಟಾಕ್, ಸರ್ವಿಸ್ ವೇಳಾಪಟ್ಟಿ, ಯಂತ್ರದ ಚರಿತ್ರೆ ಎಲ್ಲ ಒಂದೇ ಕಡೆ. ದೊಡ್ಡ ಕಂಪನಿಗಳದ್ದು ತಿಂಗಳಿಗೆ ತಲೆಗಿಷ್ಟು ಎಂಬ ಬಾಡಿಗೆಯ ಲೆಕ್ಕ. ಇಆರ್‌ಪಿನೆಕ್ಸ್ಟ್‌ನಂಥ ಓಪನ್ ಸೋರ್ಸ್ ತಂತ್ರಾಂಶದಲ್ಲೂ ಯಂತ್ರ ನಿರ್ವಹಣೆಯ ಭಾಗ ಇದೆ, ಆದರೆ ಕೂರಿಸಿ ನೋಡಿಕೊಳ್ಳಲು ಒಬ್ಬ ತಿಳಿದವನು ಬೇಕು.

ಸಾಫ್ಟ್‌ವೇರ್ ಕೊಳ್ಳುವ ಸಭೆಯಲ್ಲಿ ಎಲ್ಲರೂ ಪರದೆ ನೋಡುತ್ತಾರೆ. ನೋಡಬೇಕಾದದ್ದು ಬೇರೆ. ಒಂದು ದೋಷ ನಮೂದಿಸಲು ಎಷ್ಟು ಸಲ ಒತ್ತಬೇಕು? ಕೈಯಲ್ಲಿ ಗ್ರೀಸ್ ಹತ್ತಿದ ಫಿಟ್ಟರ್‌ಗೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಕಾದರೆ ಅವನು ತುಂಬುವುದಿಲ್ಲ, ತಿಂಗಳ ಕೊನೆಗೆ ಕ್ಲರ್ಕ್ ಕೂತು ಅಂದಾಜಿನಲ್ಲಿ ತುಂಬುತ್ತಾನೆ. ಆ ಅಂಕಿಗಳಿಂದ ಬರುವ ಚಂದದ ಗ್ರಾಫು ಸುಳ್ಳಿನ ಗ್ರಾಫು. ಕನ್ನಡದಲ್ಲಿ ಬರೆದದ್ದನ್ನು ಹುಡುಕಲು ಬರುತ್ತದೆಯೇ? ನಾಳೆ ಬಿಟ್ಟುಬಿಟ್ಟರೆ ನಮ್ಮ ಚರಿತ್ರೆಯೆಲ್ಲ ಎಕ್ಸೆಲ್‌ಗೆ ಇಳಿಯುತ್ತದೆಯೇ? ಈ ಮೂರಕ್ಕೆ ಸರಿಯಾದ ಉತ್ತರ ಬಾರದಿದ್ದರೆ ಉಳಿದ ವೈಶಿಷ್ಟ್ಯಗಳ ಮಾತು ಬೇಡ.

ಯಂತ್ರಗಳು ಇಪ್ಪತ್ತೈದು ಮೂವತ್ತು ದಾಟಿ, ಮೂರು ಶಿಫ್ಟ್ ನಡೆದು, ಸ್ಟೋರ್‌ಗೆ ಬೇರೆ ಮನುಷ್ಯ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಅದಕ್ಕೂ ಮೊದಲು ಆರು ತಿಂಗಳು ಲಾಗ್‌ಬುಕ್ ನೆಟ್ಟಗೆ ನಡೆದಿರಬೇಕು. ಪುಸ್ತಕದಲ್ಲಿ ಬರೆಯದವರು ಟ್ಯಾಬ್ಲೆಟ್ ಕೊಟ್ಟರೆ ಬರೆಯುತ್ತಾರೆ ಎಂದು ನಂಬಿ ಕೈ ಸುಟ್ಟುಕೊಳ್ಳಬೇಡಿ.

ಇತ್ತೀಚೆಗೆ ಕೈಪಿಡಿಯನ್ನು ಎಐಗೆ ಕೊಟ್ಟು ಕನ್ನಡದಲ್ಲಿ ಪ್ರಶ್ನೆ ಕೇಳುವ ಆಸೆ ಹೆಚ್ಚಾಗಿದೆ. ಕೈಪಿಡಿಯ ಪುಟ ಹುಡುಕಲು, ಅಲಾರಂ ನಂಬರಿನ ಅರ್ಥ ತಿಳಿಯಲು ಚೆನ್ನಾಗಿಯೇ ನೆರವಾಗುತ್ತದೆ. ನಿಮ್ಮ ಯಂತ್ರದಲ್ಲಿ ಹೋದ ವರ್ಷ ಏನಾಗಿತ್ತು ಅನ್ನುವುದು ನೀವು ಬರೆದಿಡದಿದ್ದರೆ ಅದಕ್ಕೂ ಗೊತ್ತಿರುವುದಿಲ್ಲ, ಗೊತ್ತಿಲ್ಲದಿದ್ದರೂ ಧೈರ್ಯವಾಗಿ ಉತ್ತರ ಕೊಡುತ್ತದೆ. ಪ್ಯಾರಾಮೀಟರ್ ಬದಲಿಸುವ, ಇಂಟರ್‌ಲಾಕ್ (ಅಪಾಯ ಇರುವಾಗ ಯಂತ್ರ ಓಡದಂತೆ ತಡೆಯುವ ವ್ಯವಸ್ಥೆ) ತೆಗೆಯುವ ವಿಷಯದಲ್ಲಿ ಅದರ ಮಾತು ಕೇಳಬಾರದು.

ಜೋಡಿ ಹಾಕಿ ಕಲಿಸುವುದು

ಮೂರನೇ ಜಾತಿಯ ತಿಳಿವಳಿಕೆಗೆ ಇದೊಂದೇ ದಾರಿ. ತಿಳಿದವನ ಜೊತೆ ಒಬ್ಬ ಕಿರಿಯನನ್ನು ಮೂರು ತಿಂಗಳು ಕಟ್ಟಿಹಾಕುವುದು. ಮೊದಲ ತಿಂಗಳು ನೋಡುವುದು, ಎರಡನೆಯದರಲ್ಲಿ ಕಿರಿಯ ಮಾಡುವುದು ಹಿರಿಯ ನೋಡುವುದು, ಮೂರನೆಯದರಲ್ಲಿ ಹಿರಿಯನಿಗೆ ಬೇರೆ ಕೆಲಸ ಕೊಟ್ಟು ಕಿರಿಯನನ್ನು ಒಬ್ಬನೇ ಬಿಡುವುದು. ಹೆಚ್ಚಿನ ಕಡೆ ಮೂರನೆಯ ಹಂತ ಆಗುವುದೇ ಇಲ್ಲ, ಹಾಗಾಗಿ ಕಲಿಕೆಯೂ ಆಗುವುದಿಲ್ಲ.

ದಾಲ್ ಮಿಲ್‌ನಲ್ಲಿ ಇದು ಎಲ್ಲಿ ಬೇಕಾಗುತ್ತದೆ ಎಂದರೆ ಹದ ಮಾಡುವಲ್ಲಿ. ಒಣ ವಿಧಾನದಲ್ಲಿ ಪಿಟ್ಟಿಂಗ್ ಆದ (ಸಿಪ್ಪೆಗೆ ಗೀರು ಬಿದ್ದ) ತೊಗರಿಗೆ ಟನ್ನಿಗೆ 1.5ರಿಂದ 2.5 ಕಿಲೋ ಎಣ್ಣೆ ಹಚ್ಚಿ ಸುಮಾರು 12 ಗಂಟೆ ಬಿಡುತ್ತಾರೆ. ಆಮೇಲೆ ಒಣಗಿಸುವುದು, ಶೇ 3ರಿಂದ 5 ನೀರು ಚಿಮುಕಿಸುವುದು, ಸುಮಾರು 8 ಗಂಟೆ ಮುಚ್ಚಿಡುವುದು, ಮತ್ತೆ ಒಣಗಿಸುವುದು. ಹೀಗೆ 2ರಿಂದ 4 ದಿನ. ಕೊನೆಗೆ ತೇವ ಶೇ 10-12ಕ್ಕೆ ಬರಬೇಕು. ಈ ಅಂಕಿಗಳನ್ನು ಗೋಡೆಗೆ ಅಂಟಿಸಬಹುದು, ತೇವದ ಮೀಟರ್ ತರಬಹುದು. 2 ದಿನ ಸಾಕೋ 4 ದಿನ ಬೇಕೋ ಅನ್ನುವುದು ಆ ವರ್ಷದ ಕಾಳು, ಆ ವಾರದ ಬಿಸಿಲು ನೋಡಿ ಮೇಸ್ತ್ರಿ ಹೇಳುವ ಮಾತು. ಡ್ರೈಯರ್‌ಗೆ ಪಿಎಲ್‌ಸಿ ಹಾಕಿಸಿದ ಮೇಲೂ ಮೊದಲ ಹಂಗಾಮು ಪೂರ್ತಿ ಮೇಸ್ತ್ರಿ ಕೈಯಲ್ಲಿ ನೋಡಿ ಹೇಳಿದ್ದನ್ನು ಒಂದು ಕಾಲಂ, ಮೀಟರ್ ತೋರಿಸಿದ್ದನ್ನು ಇನ್ನೊಂದು ಕಾಲಂ ಬರೆಯಿರಿ. ಎರಡೂ ಎಲ್ಲಿ ಕೂಡುವುದಿಲ್ಲವೋ ಅಲ್ಲಿ ನಿಮಗೆ ಕಲಿಯುವುದಿದೆ.

ಇದು ಹೊಸ ಮಾತೇನಲ್ಲ. 1980ರ ಆಸುಪಾಸಿನಲ್ಲಿ ಡೆನ್ಮಾರ್ಕ್‌ನವರು ಸಿಮೆಂಟ್ ಕುಲುಮೆಗೆ ಫಝಿ ಲಾಜಿಕ್ ("ಸ್ವಲ್ಪ ಬಿಸಿ", "ತುಸು ಹೆಚ್ಚು" ಎಂಬಂಥ ಮಾತಿನ ಅಳತೆಯಲ್ಲಿ ನಡೆಯುವ) ನಿಯಂತ್ರಣ ತಂದಾಗ ಅದಕ್ಕೆ ತುಂಬಿದ್ದು ಕುಲುಮೆ ಆಪರೇಟರ್‌ಗಳು ಪಾಲಿಸುತ್ತಿದ್ದ "ಹೀಗಾದರೆ ಹೀಗೆ ಮಾಡು" ಎಂಬ ನಿಯಮಗಳನ್ನೇ. ವಾಡಿ, ಸೇಡಂ, ಮಳಖೇಡ ಕಡೆಯ ಸುಣ್ಣಕಲ್ಲಿನ ಪಟ್ಟಿಯಲ್ಲಿ ಇಂದು ಕುಲುಮೆಯ ಮುಂದೆ ಎಷ್ಟೇ ಪರದೆಗಳಿದ್ದರೂ ಆ ಬೇರು ಅಲ್ಲೇ ಇದೆ.

ಕಿರಿಯರು ಬೇಕೆಂದರೆ ಕಲಬುರಗಿಯ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇದೆ, ಐಟಿಐಗಳಿವೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿದ ಮೇಲೆ ಸಿಎನ್‌ಸಿ, ರೋಬೊಟಿಕ್ಸ್ ಮುಟ್ಟಿ ನೋಡಿದ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಅಪ್ರೆಂಟಿಸ್ ಆಗಿ ತೆಗೆದುಕೊಂಡವರನ್ನು ಚಹಾ ತರಲು ಕಳಿಸದೆ, ಹಿರಿಯರು ಮಾಡುವುದನ್ನು ಬರೆದು ವಿಡಿಯೊ ಹಿಡಿಯುವ ಕೆಲಸಕ್ಕೆ ಹಚ್ಚಿದರೆ ಎರಡೂ ಕೆಲಸ ಆಗುತ್ತವೆ. ಹೊಸಬರಿಗೆ "ಇದ್ಯಾಕ್ರಿ ಹಿಂಗ?" ಎಂದು ಕೇಳಲು ಸಂಕೋಚ ಇರುವುದಿಲ್ಲ. ಹತ್ತು ವರ್ಷ ಅಲ್ಲೇ ಇದ್ದವರಿಗೆ ಆ ಪ್ರಶ್ನೆ ಹೊಳೆಯುವುದೂ ಇಲ್ಲ.

ಯಾರಿಗೆ ಯಾವುದು

ಕಲಬುರಗಿಯ ಕಪನೂರು, ನಂದೂರು ಕಡೆಯ ದಾಲ್ ಮಿಲ್‌ಗಳಿಗೆ: ಲಾಗ್‌ಬುಕ್, ಕ್ಯೂಆರ್, ಹದಕ್ಕೆ ಜೋಡಿ. ಸಾಫ್ಟ್‌ವೇರ್ ಬೇಡ. ಮಾರ್ಚ್ ಮುಗಿಯುವ ಹೊತ್ತಿಗೆ ಹೊಟ್ಟು ತುಂಬಿದ ಪ್ಯಾನೆಲ್ ಫಿಲ್ಟರ್ ಬದಲಿಸುವುದನ್ನು ಲಾಗ್‌ಬುಕ್‌ನ ಮೊದಲ ಪುಟದಲ್ಲಿ ಬರೆಯಿರಿ. ಮೋಟಾರಿನ ಎಷ್ಟೋ ಡ್ರೈವ್‌ಗಳು ಪೂರ್ಣ ಸಾಮರ್ಥ್ಯ ಕೊಡುವುದು ಸುತ್ತಲಿನ ಗಾಳಿ 40 ಡಿಗ್ರಿ ಇರುವವರೆಗೆ. ಏಪ್ರಿಲ್-ಮೇದಲ್ಲಿ ಹೊರಗೇ ಅದನ್ನು ದಾಟುತ್ತದೆ, ಮುಚ್ಚಿದ ಪ್ಯಾನೆಲ್ ಒಳಗಿನ ಕಥೆ ಹೇಳಬೇಕಿಲ್ಲ. ಡ್ರೈವ್ ಟ್ರಿಪ್ ಆದಾಗ ಮೋಟಾರು ಸುಟ್ಟಿತೆಂದು ರಿವೈಂಡಿಂಗ್‌ಗೆ ಕಳಿಸುವ ಮೊದಲು ಫಿಲ್ಟರ್ ತೆಗೆದು ನೋಡಲಿ.

ಸಿಎನ್‌ಸಿ ಜಾಬ್ ಶಾಪ್‌ಗಳಿಗೆ (ಬೇರೆಯವರ ಆರ್ಡರ್‌ಗೆ ಭಾಗ ಮಾಡಿಕೊಡುವವರಿಗೆ) ಗೂಗಲ್ ಡ್ರೈವ್ ಮತ್ತು ಫೈಲ್ ಶಿಸ್ತು. ಬೇರೆಲ್ಲ ಆಮೇಲೆ.

ಯಾದಗಿರಿಯ ಕಡೇಚೂರು, ಬೀದರ್‌ನ ಕೊಳಾರದ ಔಷಧ ಘಟಕಗಳಿಗೆ ಆಯ್ಕೆಯ ಸ್ವಾತಂತ್ರ್ಯವೇ ಕಮ್ಮಿ. 2023ರ ಡಿಸೆಂಬರ್‌ನಲ್ಲಿ ಅಧಿಸೂಚನೆಯಾದ ಪರಿಷ್ಕೃತ ಶೆಡ್ಯೂಲ್ ಎಂ (ಔಷಧ ತಯಾರಿಕೆಯ ಗುಣಮಟ್ಟದ ನಿಯಮ) ನಂತರ ದಾಖಲೆಯ ವಿಷಯದಲ್ಲಿ ಕಣ್ಣು ಇನ್ನೂ ಬಿಗಿಯಾಗಿದೆ. ಯಾರು, ಯಾವಾಗ, ಏನು ಬದಲಿಸಿದರು ಅನ್ನುವುದು ಅಳಿಸಲಾಗದಂತೆ ಇರಬೇಕು. ಬ್ಯಾಚ್‌ಗೆ ಸಂಬಂಧಿಸಿದ ಯಾವ ಸೆಟ್ಟಿಂಗ್ ಕೂಡ ವಾಟ್ಸಾಪ್‌ನಲ್ಲಿ ಓಡಾಡಬಾರದು, ಶೀಟ್‌ನಲ್ಲಿ ಯಾರೋ ಬಂದು ತಿದ್ದುವಂತಿರಬಾರದು. ನಿಯಂತ್ರಿತ ಪುಟಗಳ ಕಾಗದದ ದಾಖಲೆ, ಇಲ್ಲವೇ ಆಡಿಟ್ ಟ್ರೇಲ್ (ಪ್ರತಿ ಬದಲಾವಣೆಯ ದಾಖಲೆ) ಇರುವ, ವ್ಯಾಲಿಡೇಟ್ ಆದ (ಪರೀಕ್ಷಿಸಿ ದೃಢಪಡಿಸಿದ) ಸಾಫ್ಟ್‌ವೇರ್, ಎರಡರಲ್ಲಿ ಒಂದು. ನಾಲ್ಕು ಜನ ಒಂದೇ ಲಾಗಿನ್ ಬಳಸುವ ನಮ್ಮ ಹಳೆಯ ಚಾಳಿ ಇಲ್ಲಿ ನೇರವಾಗಿ ಆಕ್ಷೇಪಣೆಗೆ ದಾರಿ.

ಬೀದರ್ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ತಾಪತ್ರಯ ಬೇರೆ. ಅಲ್ಲಿ ಮರೆವು ಹಂಗಾಮಿನ ಜೊತೆ ಬರುತ್ತದೆ. ಕಬ್ಬು ಮುಗಿದ ಮೇಲೆ ಹಂಗಾಮಿ ನೌಕರರು ಊರಿಗೆ ಹೋಗುತ್ತಾರೆ, ತಿಂಗಳುಗಟ್ಟಲೆ ಕಳೆದು ಬಾಯ್ಲರ್ ಹಚ್ಚುವಾಗ ಹೋದ ವರ್ಷ ಯಾವ ಸೆನ್ಸರ್ ಸುಳ್ಳು ಹೇಳುತ್ತಿತ್ತು ಎಂದು ಯಾರಿಗೂ ನೆನಪಿಲ್ಲ. ಅವರಿಗೆ ಬೇಕಾದದ್ದು ಹಂಗಾಮಿನ ಕೊನೆಯ ವಾರ ಕೂತು ಮಾಡುವ ಒಂದು ದಿನದ ಸಭೆ, ಯಂತ್ರಕ್ಕೊಂದರಂತೆ ಒಂದೊಂದು ಪುಟ. ಎಲ್ಲರೂ ಚೀಲ ಕಟ್ಟುವ ಮೊದಲೇ ಅದು ಆಗಬೇಕು.

ಈ ವಾರವೇ ಶುರು ಮಾಡುವುದಾದರೆ

ಯಂತ್ರಗಳ ಪಟ್ಟಿ ಬರೆದು ಪ್ರತಿಯೊಂದರ ಮುಂದೆ "ಇದು ರಾತ್ರಿ 2ಕ್ಕೆ ನಿಂತರೆ ಯಾರಿಗೆ ಫೋನ್ ಮಾಡುತ್ತೀರಿ?" ಎಂದು ಕೇಳಿ ಹೆಸರು ಬರೆಯಿರಿ. ಒಂದೇ ಹೆಸರು ಮೂರು ಕಡೆಗಿಂತ ಹೆಚ್ಚು ಬಂದರೆ ಆ ಮನುಷ್ಯನ ಪಕ್ಕ ನಾಳೆಯಿಂದಲೇ ಇನ್ನೊಬ್ಬ ನಿಲ್ಲಬೇಕು. ಆಮೇಲೆ ಹೆಚ್ಚು ನಿಲ್ಲುವ ಒಂದು ಯಂತ್ರ ಆರಿಸಿಕೊಳ್ಳಿ, ಒಂದೇ ಒಂದು. ಅದರ ಬ್ಯಾಕಪ್, ಅದರ ಮೂಲ ಸೆಟ್ಟಿಂಗಿನ ಫೋಟೊ, ಅದಕ್ಕೊಂದು ಲಾಗ್‌ಬುಕ್, ಒಂದು ಕ್ಯೂಆರ್.

ಮೂವತ್ತು ದಿನ ಆದ ಮೇಲೆ ಪರೀಕ್ಷೆ ಇಡಿ. ಆ ಯಂತ್ರ ಚೆನ್ನಾಗಿ ಬಲ್ಲವನಿಗೆ ಎರಡು ದಿನ ಪಗಾರ ಸಹಿತ ರಜೆ ಕೊಟ್ಟು ಕಳಿಸಿ, ಫೋನ್ ಎತ್ತಬಾರದು ಎಂದು ಹೇಳಿ. ಆ ಎರಡು ದಿನದಲ್ಲಿ ಉಳಿದವರು ಎಲ್ಲೆಲ್ಲಿ ತಡವರಿಸಿದರೋ ಅದನ್ನೆಲ್ಲ ಬರೆದಿಟ್ಟು, ಅವನು ಮರಳಿದ ದಿನ ಮೊದಲು ಅದನ್ನೇ ಕೇಳಿ.